ಗೊಣ್ಣೆ ಒರೆಸಿದವರ ರಕ್ತ

ಮನೆಯಿಂದ,
ಹನ್ನೆರಡನೇ ತಾರೀಕು, ಗುರುವಾರ ಮಧ್ಯಾಹ್ನ

ನನ್ನ ಗೊಣ್ಣೆಪುಟ್ಟಿಗೆ ಅಜ್ಜಿಯ ಆಶೀರ್ವಾದಗಳು.

ಹೇಗಿದ್ದೀಯೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲಾ ಲ್ಯಾಬಿನಲ್ಲಿ ಆ ಜೀವಕೋಶಗಳಿಗೆ ಉಣಿಸಿ ನೀನು ಬಿಸ್ಕತ್ತು ಕಡಿಯುತ್ತಾ ಕೂತಿದ್ದೀಯೋ? ಮೊನ್ನೆ ಫೋನಿನಲ್ಲಿ ನಿನ್ನ ದನಿ ಸೊರಗಿದಂತಿತ್ತು. ಲಸಿಕೆ ಮಾಡುವ ವಿಜ್ಞಾನಿಯನ್ನು ಇನ್ನೂ ಈ ಹೆಸರಿನಿಂದ ಕರೆಯಬೇಡ ಎಂದು ನಿನ್ನ ಅಮ್ಮ ಗದರುತ್ತಾಳೆ. ಅವಳಿಗೇನು ಗೊತ್ತು, ಮೂಗು ಒರೆಸಿದವಳು ನಾನು. ನಾನು ಚೆನ್ನಾಗಿದ್ದೇನೆ. ಹೋದ ಚಳಿಗಾಲದ ಜ್ವರ ಬಿಟ್ಟ ಮೇಲೆ ಎಡಗಡೆಯ ಶ್ವಾಸಕೋಶ ಅರ್ಧ ಸಂಬಳದವರ ಹಾಗೆ ಅರ್ಧ ಕೆಲಸ ಮಾಡುತ್ತಿದೆ, ಅಷ್ಟೇ. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಕಿಟಕಿಯಾಚೆ ಏನೋ ನೋಡುವ ನಾಟಕ ಮಾಡುತ್ತೇನೆ.

ಈಗ ಸುದ್ದಿ. ನಮ್ಮ ಶಿಶುವಿಹಾರದಲ್ಲಿ ಟೀಚರ್ ಇಲ್ಲ. ಇದ್ದ ಹುಡುಗಿ ಹೆರಿಗೆಗೆ ಹೋಗಿದ್ದಾಳೆ. ಮುಖ್ಯೋಪಾಧ್ಯಾಯಿನಿ ಮನೆಗೇ ಬಂದು, ಒಂದು ವರ್ಷದ ಮಟ್ಟಿಗೆ ನೀವೇ ಬನ್ನಿ ಎಂದು ಕೇಳಿದರು. ನನಗೆ ನಿಂತ ಕಾಲಲ್ಲೇ ಹೊರಟುಬಿಡುವಷ್ಟು ಆಸೆಯಾಯಿತು. ನಿವೃತ್ತಿಯಾದಾಗಿನಿಂದ ಬೆಳಿಗ್ಗೆ ಎದ್ದರೆ ಬೂಟಿನ ಲೇಸು ಕಟ್ಟಿಸಿಕೊಳ್ಳಲು ಕಾಲು ಚಾಚುವವರು ಒಬ್ಬರೂ ಇಲ್ಲ. ಅದು ಎಂಥ ಶಿಕ್ಷೆ ಎಂದು ನಿನಗೆ ತಿಳಿಯದು. ಆದರೆ ನನ್ನನ್ನು ನೋಡುವ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು: ಆ ಜ್ವರ ಇನ್ನೊಂದು ಸಲ ಬಂದರೆ ತಡೆಯುವ ಶಕ್ತಿ ನಿಮಗಿಲ್ಲ, ಲಸಿಕೆಯಿಲ್ಲದೆ ಮಕ್ಕಳ ಗುಂಪಿನ ಹತ್ತಿರ ಸುಳಿಯಬೇಡಿ.

ಲಸಿಕೆ ತಾನೇ, ನಮ್ಮ ಹುಡುಗಿಯೇ ಮಾಡುತ್ತಿದ್ದಾಳಲ್ಲ ಎಂದುಕೊಂಡೆ. ನಿಮ್ಮ ಪ್ರಯೋಗಕ್ಕೆ ವಯಸ್ಸಾದವರು ಬೇಕೆಂದು ಇಲ್ಲಿನ ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದರು. ನಿನಗೆ ಹೇಳಿದ್ದರೆ ಬೇಡ ಅನ್ನುತ್ತಿದ್ದೆ, ಅದಕ್ಕೇ ಹೇಳಲಿಲ್ಲ. ಅರ್ಧ ಜನಕ್ಕೆ ಬರೀ ಉಪ್ಪುನೀರು ಚುಚ್ಚುತ್ತಾರೆಂದು ಗೊತ್ತು; ಉಳಿದರ್ಧದಲ್ಲಿ ನಾನು ಯಾಕಿರಬಾರದು? ಶಿಶುವಿಹಾರದ ಹಳೆಯ ಪಟಾಲಂ ಕಟ್ಟಿಕೊಂಡು ಹೋದೆ: ಹಾಡಿನ ಟೀಚರ್, ಇಬ್ಬರು ಆಯಾಗಳು, ಜೊತೆಗೆ ನಮ್ಮ ಗುಮಾಸ್ತರು. ಮಗು ಕಂಡರೆ ಸಾಕು, ಆಫೀಸಿನ ಬಾಗಿಲು ಹಾಕಿಕೊಳ್ಳುತ್ತಿದ್ದರಲ್ಲ, ಅವರೇ. ಪ್ರಯೋಗಕ್ಕೆ ಸೇರಿಸಿಕೊಳ್ಳಬಹುದೇ ಎಂದು ನೋಡಲು ಎಲ್ಲರ ರಕ್ತ ತೆಗೆದುಕೊಂಡರು.

ಮುಂದಿನ ವಾರ ಕರೆದು ಫಲಿತಾಂಶ ಹೇಳಿದರು. ಹೆಂಗಸರು ನಾಲ್ವರೂ ಫೇಲು, ಗುಮಾಸ್ತರು ಮಾತ್ರ ಪಾಸು. ಹಾಡಿನ ಟೀಚರಿಗೆ ಸಿಟ್ಟು ನೆತ್ತಿಗೇರಿತು. ಅಲ್ಲಿದ್ದ ಎಳೆ ಡಾಕ್ಟರು, ಪಾಪ, ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ಆ ಕೆಟ್ಟ ಜ್ವರದ ವೈರಸ್ಸಿನ ಒಂದು ಚೂರಿನ ಗುರುತನ್ನು ನೀವು ಸಾಧಾರಣ ನೆಗಡಿಯ ವೈರಸ್ಸಿನ ಮೇಲೆ ಹೇರಿ ಮೈಯೊಳಗೆ ಕಳಿಸುತ್ತೀರಂತೆ. ಹೊತ್ತು ತರುವುದಷ್ಟೇ ಅದರ ಕೆಲಸ. ಒಳಗೆ ಬೆಳೆಯದಂತೆ ಮೊದಲೇ ಕೈಕಾಲು ಕಟ್ಟಿರುತ್ತೀರಂತೆ. "ಅಜ್ಜಿ, ನಿಮ್ಮ ರಕ್ತಕ್ಕೆ ಆ ನೆಗಡಿ ವೈರಸ್ ಮೊದಲೇ ಗೊತ್ತು. ಬಾಗಿಲಲ್ಲೇ ಹಿಡಿದು ಮುಗಿಸಿಬಿಡತ್ತೆ, ಹೊರೆ ಒಳಗೆ ಹೋಗೋದೇ ಇಲ್ಲ" ಎಂದರು. ಇದೆಲ್ಲಿಯ ಪರಿಚಯವಪ್ಪಾ ಎಂದರೆ, ಇಷ್ಟು ವರ್ಷ ಮಕ್ಕಳ ಮಧ್ಯೆ ಇದ್ದಿರಲ್ಲ, ಅಲ್ಲಿಂದಲೇ ಬಂದಿರಬಹುದು ಎಂದರು. ಕಂಡವರ ಮಕ್ಕಳ ಗೊಣ್ಣೆ ಒರೆಸಿದ್ದಕ್ಕೆ ಸಿಕ್ಕ ಬಹುಮಾನ ಇದು. ಅದರಲ್ಲಿ ನಿನ್ನ ಪಾಲು ಎಷ್ಟೋ!

ಬೇರೆ ದಾರಿಯಿಲ್ಲವೇ ಎಂದು ಕೇಳಿದೆ. ಚಿಂಪಾಂಜಿಗಳ ನೆಗಡಿ ವೈರಸ್ಸಿನ ಮೇಲೆ ಹೇರಿ ಕಳಿಸುವ ಇನ್ನೊಂದು ಲಸಿಕೆಯ ಕೆಲಸ ನಿಮ್ಮ ಲ್ಯಾಬಿನಲ್ಲೇ ನಡೆಯುತ್ತಿದೆ, ನಮ್ಮಂಥವರ ರಕ್ತಕ್ಕೆ ಅದರ ಪರಿಚಯ ಇರಲಾರದು ಎಂದರು. ನಾನು ಒರೆಸದೆ ಬಿಟ್ಟ ಮೂಗು ಅದೊಂದೇ ಅನ್ನು. ಎಲ್ಲರೂ ನಕ್ಕೆವು. ಬಸ್ಸಿನಲ್ಲೂ ನಗುತ್ತಲೇ ಬಂದೆ. ಮನೆಗೆ ಬಂದು ಚಪ್ಪಲಿ ಬಿಡುವಾಗ ಅಳು ಬಂತು. ತುಂಬಾ ಆಸೆ ಇಟ್ಟುಕೊಂಡಿದ್ದೆ ಕಣೇ.

ಈಗ ಸರಿಹೋಗಿದ್ದೇನೆ. ನಿನ್ನ ಅಪ್ಪ ಹೊಸ ಕನ್ನಡಕ ಮಾಡಿಸಿಕೊಂಡು ಎರಡು ಸಲ ಕಳೆದುಕೊಂಡ, ಎರಡು ಸಲವೂ ಅದು ತಲೆಯ ಮೇಲೇ ಸಿಕ್ಕಿತು. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ಶುಭ ಹಾರೈಕೆ ತಿಳಿಸು. ಹೊಟ್ಟೆ ತುಂಬಾ ಉಣ್ಣು, ಕಣ್ಣು ತುಂಬಾ ನಿದ್ದೆ ಮಾಡು, ಕೈಗೆತ್ತಿಕೊಂಡ ಕೆಲಸ ಗೆಲ್ಲಲಿ.

ನಿನ್ನ
ಅಜ್ಜಿ

ತಾ. ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಸೋಮವಾರ ನಿಮ್ಮ ಲ್ಯಾಬಿನ ಸಭೆಯಲ್ಲಿ ಚಿಂಪಾಂಜಿ ಲಸಿಕೆಯ ಕೆಲಸ ನಿಲ್ಲಿಸೋಣ ಅನ್ನುತ್ತಾರೆ, ಆಗ ಈಗ ಪ್ರಯೋಗದಲ್ಲಿರುವ ಮೊದಲ ಲಸಿಕೆ ಎರಡು ವರ್ಷ ಬೇಗ ಬರುತ್ತೆ, ಅಜ್ಜಿಗೆ ಬೇಗ ಸಿಗಲಿ ಅಂತ ಹೂಂ ಅಂದುಬಿಡಲಾ ಎಂದು ಫೋನಿನಲ್ಲಿ ಕೇಳಿದ್ದೆಯಲ್ಲ. ಅನ್ನಬೇಡ. ಆ ಮೊದಲ ಲಸಿಕೆ ಗುಮಾಸ್ತರಿಗೆ ಸಾಕು, ಶಿಶುವಿಹಾರಕ್ಕೆ ಸಾಲದು. ಎದ್ದು ನಿಂತು, ನಿಲ್ಲಿಸಬೇಡಿ ಎಂದು ಹೇಳು. ಇವತ್ತು ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿಯ ಹತ್ತಿರ ಹೋಗಿ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಬಂದಿದ್ದೇನೆ. ನನಗೋಸ್ಕರ ಇನ್ನು ಅವಸರ ಬೇಡ.