ಮೂವತ್ತೊಂದನೇ ಹಲಗೆ

೩ ಜೂನ್ ೧೯೯೭, ಬೆಳಿಗ್ಗೆ ೭
ಸೇತುವೆಯ ಮೂವತ್ತೊಂದನೇ ಹಲಗೆಗೆ ಮತ್ತೆ ಹೊಸ ಆಣಿ. ಈ ವರ್ಷ ಮೂರನೇ ಸಲ. ಚಾವಣಿ ಎಲ್ಲೂ ಸೋರುತ್ತಿಲ್ಲ, ಆದರೂ ತುಕ್ಕು. ತೊಲೆಗಳು ಗಟ್ಟಿ. ೧೯೧೧ರಲ್ಲಿ ನಮ್ಮಜ್ಜ ಕೊಯ್ದ ಮರ. ಟೀ ಎಲೆ ನೆನೆಯಬಾರದೆಂದು ಎಸ್ಟೇಟ್ ದೊರೆ ಸೇತುವೆಗೆ ಚಾವಣಿ ಹಾಕಿಸಿದ. ಅದಕ್ಕೇ ಇನ್ನೂ ನಿಂತಿದೆ.

ಊರಗೌಡ ಉಪ್ಪು ಹಬ್ಬಕ್ಕೆಂದು ಉಪ್ಪಿನ ಮೂಟೆ ಕಳಿಸಿದ. ದನಗಳಿಗೆ ಉಪ್ಪುನೀರು ಕುಡಿಸುವ ದಿನದವರೆಗೆ ಸೇತುವೆಯೊಳಗೇ ಇರಲಿ ಎಂದೆ. ಆರು ವರ್ಷದಿಂದ ಹೀಗೇ. ನಮ್ಮೂರ ಹಟ್ಟಿಯಲ್ಲಿ ನೆನೆಯದ ಜಾಗ ಇದೊಂದೇ.

೧೯ ಜುಲೈ
ರಾತ್ರಿ ಕಾಟಿ ಬಂದಿತ್ತು. ಒಂಟಿ ಕಾಡುಕೋಣ. ನಟ್ಟನಡುವೆ ಸಗಣಿ, ಹಲಗೆ ಮೇಲೆ ನಾಲಿಗೆ ಉಜ್ಜಿದ ಗುರುತು. ಏನು ರುಚಿ ಕಂಡಿತೋ… ತೊಳೆದು ಬಂದೆ.

೨ ಸೆಪ್ಟೆಂಬರ್, ಸಂಜೆ
ಎಸ್ಟೇಟ್ ಕೂಲಿಗಳ ಲೈನ್ ಮನೆಯ ಸೆಲ್ವಿ ಸೇತುವೆ ಮೇಲೆ ಬಿದ್ದಳು. ತಲೆ ಮೇಲೆ ಎಲೆ ಮೂಟೆ. ಮೂವತ್ತೊಂದನೇ ಹಲಗೆ ಒಂದು ಕಡೆ ಎದ್ದುಬಿಟ್ಟಿತು, ಕಾಲು ಮಂಡಿವರೆಗೆ ಒಳಗೆ. ಮೂಳೆ ಮುರಿದಿದೆ. ಜೀಪಲ್ಲಿ ಕೋತಗಿರಿ ಆಸ್ಪತ್ರೆಗೆ ಕಳಿಸಿದೆವು.

೫ ಸೆಪ್ಟೆಂಬರ್
ಹಲಗೆ ಕಿತ್ತು ನೋಡಿದೆ. ಮರ ಕಲ್ಲಿನಂತಿದೆ. ಆಣಿ ಮಾತ್ರ ಬೆರಳಲ್ಲಿ ಪುಡಿಯಾಯಿತು. ಮರದ ಚೂರು ಬಾಯಿಗಿಟ್ಟೆ — ಉಪ್ಪು. ಮೂಟೆ ಇಡುತ್ತಿದ್ದ ಜಾಗ ಇದೇ, ಉಪ್ಪೇ ಆಣಿ ತಿಂದದ್ದು. ಕಾಟಿಗೆ ತಿಳಿದದ್ದು ಇಪ್ಪತ್ತೆರಡು ವರ್ಷದಿಂದ ಸೇತುವೆ ನೋಡಿಕೊಳ್ಳುವ ಮೇಸ್ತ್ರಿ ನನಗೆ ತಿಳಿಯಲಿಲ್ಲ. ನಾಚಿಕೆ.

ಭಾವ ಭೋಜನ್ ಬಂದಿದ್ದ. ಅವನಿಗೆ ಲಾರಿ ಹೋಗುವ ಕಾಂಕ್ರೀಟ್ ಸೇತುವೆ ಬೇಕು. ತಪಾಸಣೆಗೆ ಬರುವ ಇಂಜಿನಿಯರ್ ಕೇಳಿದರೆ ಮರ ಮುದಿಯಾಯಿತು ಅನ್ನು, ಇದನ್ನು ಕೆಡವುತ್ತಾರೆ, ನಿನ್ನ ಮೇಲೂ ಮಾತು ಬರುವುದಿಲ್ಲ ಎಂದ. ಉಪ್ಪಿನ ವಿಷಯ ಅವನಿಗೆ ಗೊತ್ತಿಲ್ಲ. ಹೂಂ ಅಂದೆ. ಹೆದರಿಕೆಗೆ ಅಂದದ್ದು.

೧೪ ಅಕ್ಟೋಬರ್
ಇಂಜಿನಿಯರ್ ಮುರಳೀಧರನ್ ಬಂದರು. ಟಾರ್ಚು, ಟೇಪು. ಎಂಬತ್ತಾರು ವರ್ಷ ಆಯಿತಲ್ಲ ಎಂದು ಪೆನ್ನು ತೆಗೆದರು. ಭೋಜನ್ ನನ್ನ ಕಡೆ ನೋಡಿದ. ನಾನು ಮೇಲೆ ನೋಡಿದೆ, ಅಜ್ಜ ಕೊಯ್ದ ತೊಲೆ. ಜೇಬಿನಲ್ಲಿದ್ದ ಚೂರು ತೆಗೆದುಕೊಟ್ಟೆ.

"ನಾಲಿಗೆಗಿಟ್ಟು ನೋಡಿ ಸಾರ್."

ಇಟ್ಟರು. ಉಗಿದರು. ಯಾರ ಕೆಲಸ ಇದು ಎಂದರು.

"ನಂದೇ ಸಾರ್, ಉಪ್ಪಿನ ಮೂಟೆ ಇಡಿಸಿದ್ದು. ಮರದ ಮೇಲೆ ತಪ್ಪು ಹಾಕಬೇಡಿ."

ಐದು ಹಲಗೆ ಬದಲಿಸಿ, ತೊಲೆ ಇರಲಿ ಎಂದು ಬರೆದರು. ಅದರ ಕೆಳಗೆ, ಮೇಸ್ತ್ರಿಯನ್ನೂ ಬದಲಿಸಿ. ಭೋಜನ್ ಹೊರಟುಹೋದ.

೧೫ ಅಕ್ಟೋಬರ್
ಲೈನ್ ಮನೆಗೆ ಹೋಗಿ ಸೆಲ್ವಿಗೆ ಎಲ್ಲ ಹೇಳಿದೆ. ಪ್ಲಾಸ್ಟರ್ ಹಾಕಿದ ಕಾಲು ನೀಡಿ ಕುಳಿತಿದ್ದಳು.

"ನಿನ್ನ ಸೇತುವೆ ಉಳೀತಲ್ಲ ಮುತ್ತಣ್ಣ."

ಅಷ್ಟೇ. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ.

೩೦ ನವೆಂಬರ್
ಕೆಲಸದ ಕೊನೆಯ ದಿನ. ಹೊಸ ಮೂವತ್ತೊಂದನ್ನು ನಾನೇ ಬಡಿದೆ. ಸುತ್ತಿಗೆ ಒರೆಸುವಾಗ ಸೆಲ್ವಿ ಕೋಲೂರಿಕೊಂಡು ಬಂದಳು. ಸೇತುವೆಯ ಬಾಯಲ್ಲೇ ನಿಂತಳು.

"ನೀ ಮುಂದೆ ಹೋಗಣ್ಣ. ನಾ ನೋಡಿ ಬರ್ತೆ."

ಹೋದೆ. ಮೂವತ್ತೊಂದರ ಮೇಲೆ ನಿಂತು ಎರಡು ಸಲ ಕಾಲು ಕುಟ್ಟಿ ತೋರಿಸಿದೆ. ತಿರುಗಿದೆ. ಸೆಲ್ವಿ ಚಪ್ಪಲಿ ಬಿಟ್ಟಳು. ಕೋಲನ್ನು ಕಂಬಕ್ಕೆ ಒರಗಿಸಿದಳು. ಆಮೇಲೆ ಮುರಿದಿದ್ದ ಆ ಕಾಲನ್ನೇ ಮೊದಲು ಹಲಗೆ ಮೇಲೆ ಇಟ್ಟಳು.