ತೊಳೆದು ಕಳಿಸಿದ ಅಂಗಿ

ವಿಜ್ಞಾನ ಮಾಸ್ತರ ಮಾಳಣ್ಣನಿಗೆ,

ಹುನ್ನೂರಿನಿಂದ ನಿನ್ನ ತಂಗಿ ಪೂನಮ್ ಬರೆಯುವುದು. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀ, ನನ್ನ ಮಾತು ಮುಗಿಯಗೊಡುವುದಿಲ್ಲ. ಅದಕ್ಕೆ ಈ ಕಾಗದ. ನಿನ್ನ ಮಗಳ ಅಂಗಿ ತಂದುಕೊಟ್ಟ ಗಿರಿಮಲ್ಲಪ್ಪ ಟಂಟಂ ಗಾಡಿ ಹೊರಗೆ ನಿಲ್ಲಿಸಿ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಾನೆ. ಅಂಗಿಯನ್ನೂ ಕಾಗದವನ್ನೂ ಅವನ ಕೈಯಲ್ಲೇ ಜಮಖಂಡಿಯ ದವಾಖಾನೆಗೆ ಕಳಿಸುತ್ತಿದ್ದೇನೆ.

ಮುಂಜಾನೆ ಫೋನಿನಲ್ಲಿ ನೀನು ಅತ್ತುಬಿಟ್ಟೆ. "ಜ್ವರ ಇಳಿವಲ್ದು ಪೂನಿ. ಡಾಕ್ಟರೂ ಏನೂ ಹೇಳವಲ್ರು. ಅಂಗಿ ಕಳಸೇನಿ, ಯವ್ವನ ಕೈಯಾಗ ಕೊಡು. ಕೂಸು ಉಳಿತೈತಿಲ್ಲೋ, ಅಷ್ಟ ದೇವರಿಗೆ ಕೇಳಸು" ಎಂದೆ. ಬೇನೆ ಬಿದ್ದವರ ಬಟ್ಟೆ ತಂದು ಅವ್ವನ ಮಡಿಲಿಗೆ ಹಾಕಿ ಬೀರಪ್ಪ ದೇವರನ್ನು ಕೇಳುವ ಪದ್ಧತಿ ನಿನಗಿನ್ನೂ ನೆನಪಿದೆಯಲ್ಲ, ಭೇಷ್! ಎಲ್ಲ ಮರೆತು ದೊಡ್ಡವನಾಗಿದ್ದೀ ಎಂದುಕೊಂಡಿದ್ದೆ.

ಹಾಗಾದರೆ ಅವ್ವನನ್ನು ಪರೀಕ್ಷೆಗೆ ಕೂರಿಸಿದ ದಿನವೂ ನೆನಪಿರಬೇಕು. ಕೃಷ್ಣೆಯ ದಂಡೆಯಲ್ಲಿ ಹಿಂಡುಗಳು ಕಲೆತು, ಯಾವ ಮರಿ ಯಾವ ಕುರಿಯದು ಎಂದು ಜಗಳ ಬಿದ್ದಾಗ ಗಲಗಲಿಯಿಂದ, ಅನಗವಾಡಿಯಿಂದ ಜನ ಅವಳ ಹತ್ತಿರ ಬರುತ್ತಿದ್ದರು. ಡೊಳ್ಳು ಬಡಿಯುತ್ತಿತ್ತು, ಕಂಬಳಿ ಹೊದ್ದವಳ ಮೈಮೇಲೆ ಬೀರಪ್ಪ ಬರುತ್ತಿದ್ದ, ಅವಳು ಮರಿಯನ್ನು ಎತ್ತಿ ಅದರ ತಾಯಿಯ ಮುಂದೆ ಬಿಡುತ್ತಿದ್ದಳು. ತಪ್ಪಿದ್ದಿಲ್ಲ. ನೀನು ಆಗಷ್ಟೇ ನೌಕರಿ ಹಿಡಿದು ಕಿರ್‍ರೆನ್ನುವ ಹೊಸ ಬೂಟು ಹಾಕಿಕೊಂಡು ಬಂದಿದ್ದೆ. ಗುಡಿಯ ಮುಂದೆ ಊರಿಗೆ ಊರೇ ಕೂಡಿದಾಗ ಕೇಳಿದೆ: "ದೇವರು ಖರೇನ ಬರತಾನಂದ್ರ ಕಣ್ಣ ಕಟ್ಟಿದ್ರೂ ಹೇಳಬೇಕಲ್ಲಬೇ ಯವ್ವಾ?" ಅವ್ವ ನಕ್ಕಳು. "ಕಟ್ಟಪಾ, ಕಟ್ಟು. ನಾ ಹಡದ ಮಗ ಕಣ್ಣ ಕಟ್ಟಿದ್ರ ನನಗ್ಯಾಕ ಅಂಜಿಕಿ?"

ಕಣ್ಣು ಕಟ್ಟಿದ್ದು ನಿನಗೆ ಸಾಲಲಿಲ್ಲ. ವಾಸನೆ ಹಿಡಿದು ಹೇಳಿಬಿಟ್ಟರೆ ಅದು ದೇವರ ಲೆಕ್ಕಕ್ಕೆ ಬರುವುದಿಲ್ಲವೆಂದು, ಮೊನ್ನೆ ಮೊನ್ನೆ ಹುಟ್ಟಿದ ಐದು ಮರಿಗಳನ್ನು ಹಿತ್ತಲಿಗೊಯ್ದು ಘಮಘಮ ಸಾಬೂನು ಹಚ್ಚಿ ತಿಕ್ಕಿ ತೊಳೆದಿದ್ದೆ. ಅವ್ವ ಒಂದೊಂದನ್ನೇ ಎತ್ತಿ ಕೆನ್ನೆಗೆ ಹಚ್ಚಿಕೊಂಡಳು. ಒಂದನ್ನೂ ಸರಿಯಾಗಿ ಹೇಳಲಿಲ್ಲ. ಜನರಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ನೀನೂ ನಕ್ಕೆ ಅಣ್ಣ, ನಾನು ನೋಡಿದ್ದೇನೆ.

ನಿನ್ನ ಪರೀಕ್ಷೆ ತಪ್ಪಿರಲಿಲ್ಲ. ನನ್ನ ಹೊಟ್ಟೆ ಉರಿಯುವುದೇ ಅದಕ್ಕೆ. ನಾನೂ ಬಿಎಸ್ಸಿ ಓದಿದವಳು. ಬೀರಪ್ಪ ಹೇಳುತ್ತಿದ್ದನೋ ಅವ್ವನ ಮೂಗು ಹೇಳುತ್ತಿತ್ತೋ ಎಂದು ಬೇರೆ ಮಾಡಿ ನೋಡಬೇಕೆಂದರೆ ನೀನು ಮಾಡಿದ್ದೇ ಸರಿ. ಆದರೆ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು ನೀನು! ಹಸಿ ಮರಿಯ ಮೈ ತೊಳೆದರೆ ತಾಯಿ ಹತ್ತಿರ ಸೇರಿಸುವುದಿಲ್ಲ ಎಂಬುದು ಮರೆತೇಹೋಯಿತೇ? ಕುರಿಗಳು ಮೂಸಿ ನೋಡಿದವು, ತಲೆಯಿಂದ ಹಾಯ್ದು ಮರಿಗಳನ್ನು ದೂರ ತಳ್ಳಿದವು. ಅಷ್ಟರಲ್ಲಿ ನೀನು ಬಸ್ಸು ಹತ್ತಿಯಾಗಿತ್ತು. ಅವ್ವ ಬಾಟಲಿಯಲ್ಲಿ ಹಾಲು ಕುಡಿಸಿ ಎರಡನ್ನು ಉಳಿಸಿಕೊಂಡಳು. ಮಿಕ್ಕವು ಅವಳ ಮಡಿಲಲ್ಲೇ ಸತ್ತವು. "ಅಂವಗ ಗೊತ್ತಿರಲಿಲ್ಲೋ, ಗೊತ್ತಿದ್ದೂ ತೊಳದನೋ" ಎಂದು ಅದೊಂದನ್ನೇ ಎಷ್ಟೋ ದಿನ ಕೇಳುತ್ತಿದ್ದಳು.

ಆಮೇಲೆ ಅವ್ವ ದೇವರ ಹೇಳಿಕೆ ಬಿಟ್ಟಳು, ಕಂಬಳಿ ಗೂಟಕ್ಕೆ ಬಿತ್ತು. ನೀನು ಮುಧೋಳದಲ್ಲಿ, ಬೀಳಗಿಯಲ್ಲಿ ಶಾಲು ಹೊದಿಸಿಕೊಂಡು ಭಾಷಣ ಬಿಗಿದೆ. "ನಾನು ಒಬ್ಬ ಹೆಣ್ಣುಮಗಳನ್ನು ಪರೀಕ್ಷಿಸಿದೆ" ಎಂದೆಯಂತೆ. ಒಬ್ಬ ಹೆಣ್ಣುಮಗಳು! ಹಡೆದವಳು ಎನ್ನಲು ನಾಲಗೆ ಹೊರಳಲಿಲ್ಲವೇನೋ ಶಾಣ್ಯಾ? ಲಗ್ನಕ್ಕೆ ಕರೆಯಲಿಲ್ಲ. ಸೌಂದರ್ಯಾ ಹುಟ್ಟಿದಾಗ ತಂದು ತೋರಿಸಲಿಲ್ಲ. ಆ ಮಗುವನ್ನು ನಾನು ನಿನ್ನ ವಾಟ್ಸಾಪ್ ಸ್ಟೇಟಸ್‌ನಲ್ಲಿ ನೋಡಿದ್ದೇನೆ, ಅವ್ವ ಅಷ್ಟೂ ನೋಡಿಲ್ಲ.

ಈಗ ಇವತ್ತಿನದು ಕೇಳು. ಪ್ಲಾಸ್ಟಿಕ್ ಚೀಲ ಬಿಚ್ಚಿದೆ. ಒಗೆದು, ಇಸ್ತ್ರಿ ಹೊಡೆದು, ಮಡಚಿಟ್ಟ ಹಳದಿ ಅಂಗಿ. ಸಾಬೂನು ಪುಡಿಯ ವಾಸನೆ ಮನೆ ತುಂಬ ಹರಡಿತು. ಎರಡನೆಯ ಸಲವೂ ತೊಳೆದೆಯಲ್ಲೋ ಪುಣ್ಯಾತ್ಮಾ!

ಅದು ಯಾರದೆಂದು ನಾನು ಅವ್ವನಿಗೆ ಹೇಳಲಿಲ್ಲ. ಮೊದಲೇ ಹೇಳಿದರೆ ಪರೀಕ್ಷೆ ಕೆಡುತ್ತದೆ, ನೀನೇ ಕಲಿಸಿದ್ದು. ಯಾರದೋ ಕೂಸಿಗೆ ಜ್ವರ ಎಂದಷ್ಟೇ ಅಂದೆ. ಇಷ್ಟು ವರ್ಷ ಮುಟ್ಟದವಳು ತಾನೇ ಎದ್ದು ಕಂಬಳಿ ಕೊಡವಿ ಹೊದ್ದಳು, ಹಣೆಗೆ ಭಂಡಾರದ ಅರಿಶಿನ ಬಳಿದುಕೊಂಡಳು, ಅಂಗಿಯನ್ನು ಮುಖಕ್ಕೆ ಒತ್ತಿ ಹಿಡಿದು ಬಹಳ ಹೊತ್ತು ಕುಳಿತಳು. ಸುಳ್ಳು ಯಾಕೆ ಹೇಳಲಿ, ಗುರುತು ಹಿಡಿಯಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

"ಇದರಾಗ ಕೂಸಿನ ವಾಸನಿನ ಇಲ್ಲ. ದೇವರೂ ಮಾತಾಡವಲ್ಲ. ನಮ್ಮ ಪೈಕಿ ಅಲ್ಲ ಬಿಡು, ಕೊಟ್ಟ ಕಳಸು" ಎಂದು ಅಂಗಿಯನ್ನು ನನ್ನ ಮಡಿಲಿಗೆ ಹಾಕಿದಳು.

ಬರೆದುಕೋ ಮಾಸ್ತರ. ಸ್ವಂತ ಮೊಮ್ಮಗಳ ಅಂಗಿ, ಗುರುತು ಸಿಗಲಿಲ್ಲ. ಮುಂದಿನ ಭಾಷಣಕ್ಕಾಯಿತು.

ಕಂಬಳಿ ತೆಗೆದಿಟ್ಟು ಅವ್ವ ಹೊಸ್ತಿಲಲ್ಲಿ ಕುಳಿತು ಕೇಳಿದಳು, "ಯಾರ ಕೂಸು ಅದು?"

"ಯಾರೋ ಒಬ್ಬ ಗಂಡಸಂದು" ಎಂದೆ.

"ಅಯ್ಯ, ಪಾಪ. ಅದಕ್ಕ ಅಜ್ಜಿ ಇಲ್ಲೇನು? ಇದ್ದಿದ್ರ ಹಿಂಗ ತೊಳದು ಕಳಸಾಕ ಬಿಡತಿರಲಿಲ್ಲ."

ಇಲ್ಲ ಎಂದೆ.

ಗಿರಿಮಲ್ಲಪ್ಪ ಹಾರ್ನ್ ಹೊಡೆಯುತ್ತಿದ್ದಾನೆ, ಮುಗಿಸುತ್ತೇನೆ. ಕೂಸು ಬದುಕಲಿ, ಅವ್ವನಿಗಿಂತ ಹೆಚ್ಚು ವರ್ಷ ಬಾಳಲಿ. ಇದನ್ನು ಬೇಡಿಕೊಂಡವಳು ನಾನು. ಯಾರು ಕೇಳಿಸಿಕೊಂಡರು ಎಂದು ಪರೀಕ್ಷೆ ಮಾಡಲು ಹೋಗಬೇಡ. ನಿನಗೆ ಹರಸುವ ಮಾತು ನನ್ನಲ್ಲಿಲ್ಲ.

ಇಂತಿ,
ಇನ್ನೊಬ್ಬ ಹೆಣ್ಣುಮಗಳು,
ಪೂನಮ್