ನಿನ್ನ ಜಾಗದಾಗ ನಾ ಆಡಿದ ಆಟ

ಗೆಳತಿ ರೇಣಿ,

ನನ್ನ ಮ್ಯಾಲಿನ ಸಿಟ್ಟು ಇಳಿಯೋಕಿಂತ ಮೊದಲ ನೀ ಹೋಗಿಬಿಟ್ಟಿ. ಸತ್ತವರ ಸಿಟ್ಟು ತಾನ ಇಳೀತದೋ, ಇಲ್ಲಾ ಹಂಗ ಉಳೀತದೋ, ಯಾರನ್ನ ಕೇಳ್ಲಿ? ಇಳಿದಿದ್ರ ಇದನ್ನ ಓದು. ಇಳೀದಿದ್ರೂ ಓದು. ಕಡೀಕ ನೀ ನನಗ ಅಂದ ಮಾತಿಗೆ ನಾ ಇನ್ನೂ ಉತ್ತರ ಕೊಟ್ಟಿಲ್ಲ. ಕೊಡಬೇಕು ಅನ್ನೂದರಾಗ ನೀ...

ಶಹಾಪುರದ ಕಾಲೇಜ್ ಮೈದಾನಕ್ಕ ನಮ್ಮ ಪಿ.ಟಿ. ಮೇಡಂ ಆ ಉದ್ದನ ಚೆಂಡು ತಂದ ದಿನ ನೆನಪದ ಇಲ್ಲೋ? ನೆಲಕ್ಕ ಬಿದ್ರ ಯಾ ಕಡಿ ಹಾರ್ತದ ಅಂತ ಅದಕ್ಕೂ ಗೊತ್ತಿರ್ಲಿಲ್ಲ. "ಇದಕ್ಕ ರಗ್ಬಿ ಅಂತಾರ. ನೀವು ಮುಂದ ಓಡಬೇಕು, ಚೆಂಡು ಮಾತ್ರ ಹಿಂದಿದ್ದವರಿಗೇ ಒಗೀಬೇಕು" ಅಂದ್ರು ಮೇಡಂ. ನೀ ನಕ್ಕೊಂತ, "ಮುಂದ ಓಡಿ ಹಿಂದ ಒಗಿಯೂದಾ? ಯಾವ ಹುಚ್ಚರ ಆಟರಿ ಇದು?" ಅಂದಿ. ಆಮ್ಯಾಲ ಆ ಹುಚ್ಚು ನಿನಗ ಹಿಡದಷ್ಟು ಯಾರಿಗೂ ಹಿಡೀಲಿಲ್ಲ. ಸುರಪುರದ ಗುಡ್ಡ ಹತ್ತಿ ಇಳಿದು ಬೆಳೆದಾಕಿ ನೀ. ನಾ ಕಾಲುವಿ ದಂಡಿ ಊರಿನಾಕಿ, ಸಪಾಟ ನೆಲದಾಗ ಓಡಿದಾಕಿ. ಮೈದಾನದ ಬಲಗಡಿ ಅಂಚಿನಾಗ ನೀ ಓಡಾಕ ಹತ್ತಿದ್ರ ನಿನ್ನ ಅಂಗಿ ಹಿಡಿಯೂದೂ ನನಗ ಆಗ್ತಿರ್ಲಿಲ್ಲ.

ಚೆಂಡು ಹಿಡದು ಓಡಾಕಿನ್ನ ಎದುರಿನವರು ಕೆಡವೂ ಆಟ ಅದು; ನಮ್ಮ ಕಾಕಾನ ಗದ್ದ್ಯಾಗ ಬೀಳೂದು ಕಲಿತ ದಿನಗಳು ಅವ. ಭತ್ತ ಕೊಯ್ದು, ಕಾಲುವಿ ನೀರು ಬಂದ್ ಮಾಡಿದ ಮ್ಯಾಲ ನೆಲ ಅರ್ಧ ರಾಡಿ, ಅರ್ಧ ಒಣಗಿರ್ತಿತ್ತು. ಬಿದ್ರ ಪೆಟ್ಟು ಹತ್ತೂದಿಲ್ಲ ಅಂತ ಅಲ್ಲೇ ಒಬ್ಬರನ್ನೊಬ್ಬರು ತೊಡಿ ಹಿಡಿದು ಕೆಡವತಿದ್ವಿ. ಹುಲ್ಲು ಹೊರೂ ಹೆಣ್ಮಕ್ಕಳು ನಿಂತು ನೋಡಿ, "ಯಾಕವ್ವಾ, ಈಗ್ಲೇ ಹೊಡೆದಾಟದ ತಾಲೀಮೇನು? ಗಂಡಂದಿರು ಬರೂತನ ತಡೀರಿ, ಪುಕಟ ಕಲಸ್ತಾರ" ಅಂತ ನಗತಿದ್ರು. ನೀನೂ ನಗತಿದ್ದಿ. ಅವರು ಹೋದ ಮ್ಯಾಲ ಮಾತ್ರ, "ಮಲ್ಲಿ, ಇನ್ನೊಮ್ಮಿ ಕೆಡವು, ಜೋರ್ ಹಾಕು" ಅಂತಿದ್ದಿ.

ದೇಶದ ತಂಡ ಆರಸೂ ಶಿಬಿರಕ್ಕ ಇಬ್ಬರಿಗೂ ಕರೆ ಬಂದಾಗ ಯಾದಗಿರಿ ಸ್ಟೇಷನ್ನಿನಾಗ ನಿಮ್ಮವ್ವ ನನ್ನ ಕೈ ನಿನ್ನ ಕೈಯಾಗ ಇಟ್ಟು, "ಇಬ್ಬರೂ ಜೋಡಿ ಹೋಗಿ ಜೋಡಿ ಬರ್ರಿ" ಅಂದಿದ್ಳು. ಏಷ್ಯಾದ ದೇಶಗಳ ಅರ್ಹತಾ ಪಂದ್ಯಗಳು, ಅದರಾಗ ಗೆದ್ದ ತಂಡ ಜಗತ್ತಿನ ದೊಡ್ಡ ಆಟಕ್ಕ ಹೋಗ್ತದ. ರೈಲಿನಾಗ ಎಷ್ಟು ಮಾತಾಡಿದ್ವಿ! ಶಿಬಿರಕ್ಕ ಹೋದ ಮ್ಯಾಲ ತಿಳೀತು, ಬಲಗಡಿ ಅಂಚಿನ ಜಾಗ ಒಂದ, ಅದಕ್ಕ ಓಡಾಕಿರು ನಾವಿಬ್ಬರು. ಅಲ್ಲಿ ತರಬೇತಿ ಕೊಡೋ ಸಾಹೇಬ ನಮ್ಮನ್ನ ಎದುರುಬದುರು ನಿಲ್ಲಿಸಿ ಹಿಂದಿ ಭಾಷಾದಾಗ ಅಂದ: "ಒಬ್ಬಾಕಿ ವಿಮಾನ ಹತ್ತತೀರಿ. ಒಬ್ಬಾಕಿ ಊರಿಗೆ ಹೋಗಿ ಸಗಣಿ ಬಳೀತೀರಿ." ಉಳಿದ ಹುಡುಗೇರು ನಕ್ರು. ನಾವೂ ನಕ್ವಿ. ನಗಲಾರದ ಏನ್ ಮಾಡಬೇಕಿತ್ತು?

ನಿನಗ ಮೊದಲ ಪೆಟ್ಟು ಬಿದ್ದ ಮಧ್ಯಾಹ್ನ ನಾ ನಿನ್ನ ಬಾಜೂಕ ಇದ್ದೆ. ಕೆಳಗ ಬಾಗಿದಾಕಿ ನೀ, ಇನ್ನೊಬ್ಬಾಕಿ ಮೊಣಕಾಲು ಕಿವಿ ಮ್ಯಾಲ ಕುಂತಿತು. ಹಸಿ ಕಟ್ಟಿಗಿ ಒಡೆದಂಗ ಸಪ್ಪಳ ಆತು. ನೀ ಬಿದ್ದಲ್ಲೇ ಕಣ್ಣು ತೆರಕೊಂಡ ಇದ್ದಿ, ನನ್ನ ಮಾರಿ ನೋಡಿದ್ರೂ ನನ್ನ ಗುರ್ತು ಹಿಡೀಲಿಲ್ಲ. ಸಾಹೇಬ ಅಂಚಿನಾಗಿಂದನ ಒದರಿದ: "ಉಠ್! ಕುಛ್ ನೈ ಹುವಾ!" ಏಳು, ಏನೂ ಆಗಿಲ್ಲಂತ. ನೀ ಎದ್ದಿ. ಓಡಿದಿ ಕೂಡ. ಊಟಕ್ಕ ಕುಂತಾಗ ಮಾತ್ರ ಬ್ಯಾಳಿ ಸಾರು ನೀರಿನ ಲೋಟಕ್ಕ ಸುರುವಿಕೊಂಡಿ. "ಊಟ ಆತೇನು ನಮ್ದು?" ಅಂತ ಉಣಕೊಂತ ಕೇಳಿದಿ. ಮತ್ತ ಕೇಳಿದಿ. ಬೆಳಕು ಚುಚ್ಚತದ ಅಂತ ಕಣ್ಣಿನ ಮ್ಯಾಲ ಟವೆಲ್ ಹಾಕ್ಕೊಂಡು, "ಯಾರಿಗೂ ಹೇಳಬ್ಯಾಡ ಮಲ್ಲಿ, ನಿನ್ನ ಕಾಲು ಬೀಳ್ತೀನಿ" ಅಂದಿ.

ನಾ ಹೇಳಿದೆ. ಮರುದಿನ ಸಾಹೇಬನ ಮುಂದ ನಿಂತು, ನಮ್ಮ ಶಹಾಪುರದ ಹಿಂದ್ಯಾಗ, ಆಕಿ ತಲಿಗೆ ಪೆಟ್ಟಾಗ್ಯದ, ಡಾಕ್ಟರಿಗೆ ತೋರಸ್ರಿ ಅಂತ ಬೇಡಿಕೊಂಡೆ. ಅವ ನನ್ನ ಮ್ಯಾಲಿಂದ ಕೆಳಗ ನೋಡಿ, "ಜಾಗ ಬೇಕಾ ನಿನಗ?" ಅಂದ. ಅಷ್ಟಕ್ಕ ಬಿಟ್ಟಿದ್ರ ಛಲೋ ಇತ್ತು. ಎಲ್ಲಾರನ್ನೂ ಸಾಲಾಗಿ ನಿಲ್ಲಿಸಿ ನಿನ್ನನ್ನ ಮುಂದ ಕರದ: "ನಿನ್ನ ಗೆಳತಿ ಅಂತಾಳ, ನಿನ್ನ ತಲಿ ಕೆಟ್ಟದಂತ. ಹೌದೇನು?" ನೀ "ನೈ ಸಾಬ್" ಅಂದಿ. ಸಾಲಿಗೆ ಹೊಳ್ಳಿ ಬರೂ ಮುಂದ ನನ್ನ ಮಾರಿ ನೋಡಲಾರದ ಅಂದಿ, "ಜಾಗ ಬೇಕಂದ್ರ ಆಡಿ ತಗೋ ಮಲ್ಲಿ. ಹಿಂಗ ಬ್ಯಾಡ."

ಇದ ಆ ಕಡೀ ಮಾತು. ಉತ್ತರ ಈಗ ತಗೋ. ನಿನ್ನ ಜಾಗ ನನಗ ಬೇಕಿತ್ತು, ಖರೆ. ನಿನ್ನನ್ನ ಓಡಿ ಸೋಲಿಸಿ ತಗೋಬೇಕಿತ್ತು. ಸಾಹೇಬನ ಕಡಿ ಹೋಗಿದ್ದು ಅದಕ್ಕಲ್ಲ. ನಿನಗ ಇದು ತಿಳಿದಿತ್ತು ಅಂತ ನನಗ ಎಷ್ಟೋ ಸಲ ಅನ್ನಸ್ತದ. ತಿಳಿದೂ ಅಂದಿ ಏನು? ಇಲ್ಲಾ ಆ ತಲೀ ಪೆಟ್ಟ ನಿನ್ನ ಬಾಯಿಂದ...

ಅದಾಗಿ ನಾಕ ದಿನಕ್ಕ, ಜಾಗ ಯಾರಿಗೆ ಅಂತ ನೋಡಾಕ ಸಾಹೇಬ ಇಟ್ಟ ಅಭ್ಯಾಸದ ಪಂದ್ಯದಾಗ ನೀ ಎಷ್ಟು ಚಂದ ಓಡಿದಿ ಅಂದ್ರ, ನಿನ್ನ ಎದುರಿಗೆ ಆಡಾಕತ್ತಿದ್ದ ನಾನೂ ಒಂದು ಗಳಿಗಿ ನಿಂತು ನೋಡಿದೆ. ಗೆರಿ ದಾಟಿ ಚೆಂಡು ನೆಲಕ್ಕ ಮುಟ್ಟಿಸಿ ಅಂಕ ಗಳಿಸಿ ಬಂದಿ. ಅದರ ಹಿಂದನ ಒಂದು ಸಾದಾ ಡಿಕ್ಕಿ, ದಿನಾ ಬೀಳೂವಂಥಾದು. ಯಾರದೂ ತಪ್ಪಿಲ್ಲ ಅದರಾಗ. ನೀ ಎದ್ದು ಜರಾ ನಡದಿ, ಕುಂತಿ, ಒಂದ ಬಾಜೂಕ ವಾಲಿದಿ. ಸಾಹೇಬ ಮತ್ತ ಅದನ್ನ ಒದರಿದ. ಈ ಸಲ ನೀ ಏಳಲಿಲ್ಲ. ಮೈದಾನದ ಬಾಗಿಲಿಗೆ ಜೀಪ್ ನಿಂತಿತ್ತು, ಕೀಲಿ ಡ್ರೈವರನ ಕಿಸೇದಾಗ, ಡ್ರೈವರ್ ಚಾ ಕುಡ್ಯಾಕ ಹೋಗಿದ್ದ. ನಿನ್ನ ತಲಿ ನನ್ನ ತೊಡಿ ಮ್ಯಾಲಿತ್ತು. ನಾ ಬೈದೆ ನಿನಗ, ಗೊತ್ತದೇನು? "ಏಳ, ಮಾತಾಡಬ್ಯಾಡ ನನ್ನ ಜೋಡಿ, ಆದ್ರ ಏಳ" ಅಂತ. ದವಾಖಾನಿ ಮುಟ್ಟೂದರಾಗ ಎಲ್ಲಾ ಮುಗಿದಿತ್ತು.

ತಂಡದ ಅಂಗಿಗಳು ಹೊಲಿದು ಬಂದಾಗ ನನಗ ಇನ್ನೊಂದು ತಿಳೀತು. ಬಲಗಡಿ ಅಂಚಿನಾಕಿ ಅಂಗಿ ಅಂತ ನನಗ ಕೊಟ್ಟದ್ದು ಭುಜದಾಗ ಸಡಲ ಆಗ್ತಿತ್ತು. ನಿನ್ನ ಅಳತೀದು ಅದು. ಆ ಪಂದ್ಯಕ್ಕಿಂತ ಮೊದಲ ಹೊಲಿಯಾಕ ಕೊಟ್ಟಿದ್ರಂತ. ತಿಳೀತಾ ರೇಣಿ? ಜಾಗ ನಿಂದ ಆಗಿತ್ತು. ನೀ ಅವತ್ತು ಆಡಬೇಕಾಗಿರಲೇ ಇಲ್ಲ. ಸಾಹೇಬಗ ಗೊತ್ತಿತ್ತು, ನಿನಗ ಹೇಳಿರ್ಲಿಲ್ಲ. ಹೇಳಿದ್ರ ಹುಡುಗೇರು ಮೈಗಳ್ಳರಾಗ್ತಾರಂತ.

ಅದಕ್ಕಿಂತ ಮೊದಲ ಸುರಪುರಕ್ಕ ನಿನ್ನ ಮಣ್ಣಿಗೆ ಬಂದಿದ್ದೆ ನಾ. ನಿಮ್ಮ ಮನಿ ಹೊಸ್ತಿಲದಾಗ ನಿಮ್ಮವ್ವ ನನ್ನ ತಡದಳು. ನೀ ಫೋನ್ ಮಾಡಿ ಆಕಿಗೆ ಹೇಳಿದ್ದಿ, ಮಲ್ಲಿ ನನ್ನ ಜಾಗದ ಮ್ಯಾಲ ಕಣ್ಣು ಹಾಕ್ಯಾಳಂತ. "ಜಾಗ ಸಿಕ್ಕತಿಲ್ಲೋ? ಇನ್ನ ಏನ್ ನೋಡಾಕ ಬಂದಿ?" ಅಂದ್ಳು. ಓಣಿ ಮಂದಿ ಎಲ್ಲಾ ನಿಂತಿದ್ರು. ಯಾರೋ ನನ್ನ ರಟ್ಟಿ ಹಿಡಿದು ಬಸ್ ಸ್ಟ್ಯಾಂಡಿನ ತನಕ ಬಿಟ್ಟು ಹೋದ್ರು. ನಿನ್ನ ಮಾರಿ ನೋಡಲಿಲ್ಲ ನಾ. ಆಕಿಗೆ ಶಿಬಿರದವರು ಹೇಳಿದ್ದಿಷ್ಟ: ಆಟದಾಗ ಒಂದ ಪೆಟ್ಟು ಬಿತ್ತು, ಹಣೆಬರಹ, ಯಾರ ಕೈಯಾಗೂ ಇರ್ಲಿಲ್ಲ.

ಅರ್ಹತಾ ಪಂದ್ಯ ಇಟ್ಟಿದ್ದ ಆ ಪರದೇಶದ ಮೈದಾನದ ಹುಲ್ಲು ನೋಡಿದ ಕೂಡ್ಲೇ ನೀನ ನೆನಪಾದಿ. ನಿನ್ನ ಅಂಗಿ ತೊಟ್ಟು ಯಾಕ ಹೋದೆ ಅಂತಿಯೇನು? ಆಡಬೇಕು ಅನ್ನಸ್ತು, ಹೋದೆ. ಅದಕ್ಕ ಬ್ಯಾರೆ ಕಾರಣ ಕಟ್ಟಂಗಿಲ್ಲ. ಮೊದಲ ಪಂದ್ಯ ಗೆದ್ವಿ. ಎರಡನೇದು ಸೋತ್ವಿ. ಮೂರನೇದು ಗೆದ್ರ ಮುಂದಿನ ಸುತ್ತು, ಸೋತ್ರ ಮನಿ. ಅದರಾಗ ನಿನ್ನ ಅಂಚಿನಾಗ ಓಡಿ ಚೆಂಡು ಮುಟ್ಟಿಸಿ ಬಂದೆ, ನಾವು ಮುಂದಿದ್ವಿ. ಆಮ್ಯಾಲ ಎದುರಿನಾಕಿ ಭುಜ ನನ್ನ ದವಡಿಗೆ ಕುಂತಿತು.

ಬಿದ್ದಲ್ಲಿಂದ ನೋಡಿದ್ರ ಎರಡು ಚೆಂಡು ಕಾಣ್ತಿದ್ವು. ಅಂಚಿನಾಗಿಂದ ಸಾಹೇಬನ ದನಿ: "ಉಠ್! ಕುಛ್ ನೈ ಹುವಾ!" ಕಾಲು ತಾನಾಗೇ ಏಳಾಕ ಹತ್ತಿದ್ವು ರೇಣಿ, ಆ ದನಿಗೆ ಅವು ಹಂಗ ಪಳಗಿದ್ವು. ಅಷ್ಟರಾಗ ಅಲ್ಲಿಯ ಡಾಕ್ಟರಮ್ಮ ಓಡಿ ಬಂದು ಬಾಜೂಕ ಮೊಣಕಾಲೂರಿ ಏನೋ ಕೇಳಿದ್ಳು. ಏನಾಗಿಲ್ಲ ಅಂತ ಅನಬಹುದಿತ್ತು, ನೀ ಅಂದಂಗ. ಎರಡೆರಡು ಕಾಣ್ತದ ಅಂತ ಕೈಯಿನ ಎರಡು ಬಟ್ಟು ತೋರಿಸಿ ತಲಿ ಮುಟ್ಟಿಕೊಂಡೆ. ಆಕಿ ನನ್ನ ಹೆಗಲ ಹಿಡಿದು ಹೊರಗ ನಡಿಸಿದ್ಳು. ಬದಲಿಗೆ ಬಂದ ಹುಡುಗಿ ಮೈ ಇನ್ನೂ ಬಿಸಿ ಆಗಿರ್ಲಿಲ್ಲ. ಎದುರಿನವರು ಆ ಅಂಚಿನಾಗನ ನುಗ್ಗಿದ್ರು. ಎರಡು ಸಲ. ನಾವು ಸೋತ್ವಿ. ಮುಂದಿನ ಸುತ್ತು ಅಲ್ಲಿಗೆ ಮುಗೀತು. ಸಾಹೇಬ ಎಲ್ಲಾರ ಮುಂದ ನನಗಂದ, "ಸತ್ತಾಕಿ ನಿನಗಿಂತ ವಾಸಿ ಇದ್ಳು. ಆಕಿ ಏಳತಿದ್ಳು."

ಶಹಾಪುರದಾಗ ಬಸ್ ಇಳಿದಾಗ ಹೂವಿನ ಹಾರ ಏನೂ ಇರ್ಲಿಲ್ಲ. ನನ್ನ ಹೊರಗ ನಡಿಸಿಕೊಂಡ ಹೋದ ಚಿತ್ರ ಎಲ್ಲಾರ ಫೋನಿನಾಗ ಬಂದಿತ್ತು. ಪಾನ್ ಡಬ್ಬಿ ಅಂಗಡಿ ಮುಂದ ಹಾದು ಹೋದ್ರ ಹುಡುಗೂರು ತಲಿ ಹಿಡಕೊಂಡು ತೂರಾಡತಿದ್ರು. ನಮ್ಮಪ್ಪ ಸುದ್ದಾ, "ಜರಾ ತಡಕೊಂಡಿದ್ರ ಆಗ್ತಿತ್ತಲ್ಲವ್ವಾ" ಅಂದ. ತಂಡದಿಂದ ಮತ್ತ ಕರೆ ಬರಲಿಲ್ಲ.

ನಿಮ್ಮವ್ವ ನಮ್ಮ ಮನಿಗೆ ಬಂದದ್ದು ಅದರ ಹಿಂದ. ನಮ್ಮೂರ ಗದ್ದ್ಯಾಗ ನಾಟಿ ಕೂಲಿ ಮಾಡಿ ಬಂದಾಕಿ, ಸೀರಿ ಅಂಚು ಇನ್ನೂ ಹಸಿ. ಒಳಗ ಬಾ ಅಂದ್ರೂ ಬರಲಿಲ್ಲ. ಬಾಗಲದಾಗ ನಿಂತು ಕೇಳಿದ್ಳು:

"ನೀ ಹೊರಗ ಬಂದದ್ದು ನೋಡಿದೆ, ಫೋನಿನಾಗ. ಆ ಆಟದಾಗ ನಡುವ ಹೊರಗ ಬರಾಕ ಬರ್ತದೇನು?"

"ಬರ್ತದವ್ವಾ."

"ಪೆಟ್ಟು ಬಿದ್ರ, ನಾ ಒಲ್ಲೆ ಅನಬಹುದು?"

"ಅನಬಹುದು. ಅನ್ನದಿದ್ರ ದೊಡ್ಡವರು ಕರೀಬೇಕು."

"ನಾ ತಿಳಿದಿದ್ದೆ, ಒಳಗ ಹೋದವರು ಮುಗಿಯೂತನ ಬರಂಗಿಲ್ಲಂತ" ಅಂದ್ಳು. ಆಮ್ಯಾಲ ನೆಲಕ್ಕ ಕುಂತ್ಳು. ನಾ ಎಲ್ಲಾ ಹೇಳಿದೆ: ಮೊದಲ ಪೆಟ್ಟು, ಬ್ಯಾಳಿ ಸಾರು, ಸಾಹೇಬ ನಿನ್ನ ಸಾಲಿನ ಮುಂದ ಕರದದ್ದು, ಆ ಅಂಗಿ. ಅಂಗಿ ಮಾತು ಹೇಳಬಾರದಿತ್ತು ಅನ್ನಸ್ತದ. ಅದನ್ನ ಕೇಳಿ ನಿಮ್ಮವ್ವ ಬಾಯಾಗ ಸೆರಗು ತುರಕೊಂಡ್ಳು.

ಹೋದ ವಾರ ಯಾದಗಿರಿ ಮೈದಾನಕ್ಕ ಸಾಹೇಬ ಬಂದಿದ್ದ, ಹೊಸಾ ಹುಡುಗೇರನ್ನ ಆರಸಾಕ. ಹಾರ, ಶಾಲು, ಭಾಷಣ. ನಾನೂ ನಿಮ್ಮವ್ವನೂ ಹೋಗಿದ್ವಿ. ಸಾಲಾಗಿ ನಿಂತ ಹುಡುಗೇರ ಕೈ ಕುಲುಕಿಕೊಂತ ಬರೂ ಮುಂದ ನಿಮ್ಮವ್ವ ಅಡ್ಡ ನಿಂತ್ಳು. "ಸಾಹೇಬರ, ನಾ ರೇಣುಕಾನ ತಾಯಿ." ನಾ ಅದನ್ನ ಹಿಂದ್ಯಾಗ ಹೇಳಿದೆ. ಅವ ಬಾಜೂಕಿದ್ದವರ ಮಾರಿ ನೋಡಿದ.

"ಕೌನ್ ರೇಣುಕಾ?"

ಇದನ್ನ ನಾ ಕನ್ನಡದಾಗ ಹೇಳಬೇಕಾಗಲಿಲ್ಲ. ಯಾರೋ ಅವನ ಕಿವ್ಯಾಗ ಊದಿದ್ರು. "ಹಾಂ, ಹಾಂ, ಬಹುತ್ ಅಚ್ಛೀ ಲಡ್ಕೀ ಥೀ" ಅಂದು, ಭಾಳ ಛಲೋ ಹುಡುಗಿ ಇದ್ಳಂತ, ತನ್ನ ಹೆಗಲ ಮ್ಯಾಲಿನ ಶಾಲು ತಗದು ನಿಮ್ಮವ್ವಗ ಹೊದಿಸಿ, ಫೋಟೋದವನ ಕಡಿ ತಿರುಗಿದ. ಫೋಟೋನೂ ಆತು.

ನಿಮ್ಮವ್ವ ಶಾಲು ತಗದು ನೆಲಕ್ಕ ಹಾಕಿದ್ಳು. ಮೈದಾನದ ಸುಣ್ಣದ ಗೆರಿ ಮ್ಯಾಲ ಕುಂತ್ಳು. "ಮೊದಲ ಪೆಟ್ಟು ಬಿದ್ದಾಗ ನನ್ನ ಮಗಳನ್ನ ಹೊರಗ ಯಾಕ ಕರೀಲಿಲ್ಲ? ಅಷ್ಟ ಹೇಳ್ರಿ. ಆಮ್ಯಾಲ ಆಡಸ್ರಿ." ಬಿಸಲು ಏರಿತು. ಹೆಣ್ಣು ಪೊಲೀಸ್ ಒಬ್ಬಾಕಿ ಬಂದು, "ಏಳವ್ವಾ, ಹೊರಗ ನಡಿ" ಅಂತ ರಟ್ಟಿ ಹಿಡದಳು.

"ಹೊರಗ ಬರಾಕ ಬರ್ತದಂತ ಈಗ ತಿಳದದ ನನಗ" ಅಂದ್ಳು ನಿಮ್ಮವ್ವ. "ಆದ್ರ ನಾ ಬರಂಗಿಲ್ಲ."

ಸಾಲಿನಾಗಿನ ಗುರುಮಠಕಲ್ ಹುಡುಗಿ ಒಬ್ಬಾಕಿ ನನಗ ಮೆಲ್ಲಕ ಕೇಳಿದ್ಳು, "ಅಕ್ಕಾ, ರೇಣುಕಾ ಯಾರು?" ನಾ ಮೆಲ್ಲಕ ಹೇಳಲಿಲ್ಲ. ಸಾಲಿಗೆಲ್ಲಾ ಕೇಳೂವಂಗ ಹೇಳಿದೆ, ಸಾಹೇಬ ಕಾರ್ ಹತ್ತೂತನ ಹೇಳಿದೆ. ಇಬ್ಬರು ಹುಡುಗೇರು ಬೂಟು ಬಿಚ್ಚಿ ಮನಿಗೆ ಹೋದ್ರು. ಉಳಿದವರು ನಿಂತೇ ಇದ್ರು, ಆಯ್ಕೆ ಯಾವಾಗ ಅಂತ ಕೇಳಿಕೊಂತ. ಅವರ ಮ್ಯಾಲ ಸಿಟ್ಟು ಬರಲಿಲ್ಲ ನನಗ. ನಾವೂ ಹಂಗ ನಿಂತಿರತಿದ್ವಿ ಅಲ್ಲೇನು?

ಅವತ್ತು ನಿಂತ ಆಯ್ಕೆ ನಾಳಿ ಕಲಬುರಗ್ಯಾಗ ಇಟ್ಟಾರಂತ. ನಿಮ್ಮವ್ವ ಮುಂಜಾನಿ ಬಸ್ಸಿಗೆ ಸುರಪುರದಿಂದ ಬಂದಾಳ. ನಮ್ಮ ಒಲಿ ಮುಂದ ಕುಂತು ಜ್ವಾಳದ ರೊಟ್ಟಿ ಬಡ್ಯಾಕತ್ಯಾಳ, ಇಬ್ಬರ ಬುತ್ತಿಗೆ. ಹಿಂದಿ ಒಂದೊಂದ ಮಾತು ನನ್ನ ಕಡಿಂದ ಕೇಳಿ ಬಾಯಿಪಾಠ ಮಾಡಾಕತ್ಯಾಳ, ಈ ಸಲ ತಾನ ಹೇಳ್ತಾಳಂತ. ನಾಳಿ ಅವ ಯಾವ ರೇಣುಕಾ ಅಂತ ಕೇಳಂಗಿಲ್ಲ.

ಮಲ್ಲಿ